ಅಮ್ಮ ನುಂಗಿದ ಮಾತ್ರೆಗಳು

ರಾಜಗೋಪಾಲನಗರ
೯ ನವೆಂಬರ್ ೨೦೧೪, ಭಾನುವಾರ

ಶ್ರೀ ಸಿದ್ದರಾಜು ಅವರಿಗೆ,

ಅಣ್ಣ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಕ್ಷೇಮವೇ ಎಂದೂ ಕೇಳುವುದಿಲ್ಲ. ನಿನ್ನ ಕ್ಷೇಮ ಹೇಗಿದೆ ಎಂಬುದು ನನಗೆ ಗೊತ್ತು. ಮಹಾಲಕ್ಷ್ಮಿ ಅತ್ತಿಗೆ ಫೋನ್ ಮಾಡಿದ್ದರು. ನಿನಗೆ ಹೇಳದೆ ಮಾಡಿದ್ದಾರೆ, ಅದಕ್ಕಾಗಿ ಅವರ ಮೇಲೆ ರೇಗಬೇಡ. ರೇಗುವುದಿದ್ದರೆ ನಾನಿದ್ದೇನೆ. ನಿನಗೆ ಅಭ್ಯಾಸವೂ ಇದೆ.

ಹೊಟ್ಟೆಯಲ್ಲಿ ಹುಣ್ಣು, ಪೈಲೋರಿ ಎಂಬ ಬ್ಯಾಕ್ಟೀರಿಯಾ, ಎರಡು ಸಲ ಹದಿನಾಲ್ಕು ದಿನದ ಮಾತ್ರೆ ಮುಗಿಸಿದರೂ ಅದು ಸತ್ತಿಲ್ಲ ಎಂದರು. ಬ್ರೂಕ್‌ಫೀಲ್ಡಿನಲ್ಲಿ ಕಂಪನಿ ಹುಡುಗಿಯರನ್ನು ಕ್ಯಾಬ್ ಹತ್ತಿಸಿಕೊಳ್ಳುವಾಗ ನೀನು ತಲೆಸುತ್ತಿ ಬಿದ್ದೆಯಂತೆ. ಅತ್ತಿಗೆ ಅತ್ತದ್ದು ಇದಕ್ಕೆಲ್ಲ ಅಲ್ಲ. ಡಾಕ್ಟರು ನಿನ್ನ ಮುಖಕ್ಕೇ, "ನೀವು ಮಾತ್ರೆ ಸರಿಯಾಗಿ ತಗೊಂಡಿಲ್ಲ, ಸುಳ್ಳು ಹೇಳ್ಬೇಡಿ" ಅಂದರಂತೆ. ನೀನು ಮನೆಗೆ ಬಂದು ಊಟ ಬಿಟ್ಟೆಯಂತೆ. "ಒಂದೂ ತಪ್ಪಿಸಿಲ್ಲ ಕಣೇ, ನಾನೇ ನಿಂತು ನೋಡಿದೀನಿ" ಎಂದು ಅತ್ತಿಗೆ ನನ್ನ ಹತ್ತಿರ ಆಣೆ ಇಟ್ಟರು.

ಕೇಳಿ ನನಗೆ ಸಂತೋಷವಾಯಿತು. ಮುಚ್ಚಿಡುವುದಿಲ್ಲ. ಫೋನ್ ಇಟ್ಟ ಮೇಲೆ ಕಾಫಿ ಮಾಡಿಕೊಂಡು ನಿಧಾನವಾಗಿ ಕುಡಿದೆ.

ಮೂರು ವರ್ಷದ ಹಿಂದೆ ಇದೇ ಮನೆಯಲ್ಲಿ ಅಮ್ಮನಿಗೂ ಇದೇ ಕಾಯಿಲೆ. ಪೀಣ್ಯದ ಫ್ಯಾಕ್ಟರಿಯಲ್ಲಿ ನನಗೆ ಮೊದಲ ಶಿಫ್ಟ್. ಬೆಳಗ್ಗೆ ಐದಕ್ಕೆ ಅಮ್ಮನನ್ನು ಎಬ್ಬಿಸಿ ಖಾಲಿ ಹೊಟ್ಟೆಗೆ ಆಸಿಡ್ ತಗ್ಗಿಸುವ ಮಾತ್ರೆ ಕೊಡುತ್ತಿದ್ದೆ. ಅರ್ಧ ಗಂಟೆ ಬಿಟ್ಟು ರಾಗಿ ಗಂಜಿ ಕುಡಿಸಿ, ಬ್ಯಾಕ್ಟೀರಿಯಾ ಕೊಲ್ಲುವ ಎರಡು ಮಾತ್ರೆ ನುಂಗಿಸಿ, ಬಾಯಿ ತೆರೆಸಿ ನೋಡಿಯೇ ಬಸ್ಸಿಗೆ ಓಡುತ್ತಿದ್ದೆ. "ನಾನೇನು ಕೂಸೇನಮ್ಮಿ, ಇಂಗೆ ಬಾಯೊಳಗೆ ಇಣುಕಿ ನೋಡ್ತೀಯ" ಎಂದು ಅಮ್ಮ ನಗುತ್ತಿದ್ದಳು. ಸಂಜೆ ಮತ್ತೆ ಅದೇ. ಎರಡು ಸಲ ಔಷಧಿ ಮುಗಿಸಿದರೂ ಪರೀಕ್ಷೆಯಲ್ಲಿ ಅದು ಇದ್ದೇ ಇತ್ತು. ಮೂರನೆಯ ಸಲ ಶುರು ಮಾಡುವ ಮೊದಲೇ ಹುಣ್ಣು ಒಡೆದು ರಕ್ತ ಕಾರಿಕೊಂಡು ಹೋದಳು.

ಹನ್ನೊಂದನೆಯ ದಿನ ಊರಿನ ಮನೆಯಲ್ಲಿ ನೀನು ಮಾಡಿದ್ದನ್ನು ನೀನು ಮರೆತಿರಬಹುದು. ಎಲೆ ಹಾಕಿ ಎಲ್ಲರೂ ಕೂತಿದ್ದರು. ನಾನು ಪಲ್ಯ ಬಡಿಸುತ್ತಿದ್ದೆ. "ಇವಳು ನೆಟ್ಟಗೆ ಮಾತ್ರೆ ಕೊಟ್ಟಿದ್ರೆ ನಮ್ಮಮ್ಮ ಇವತ್ತು ಇಲ್ಲಿ ಕೂತಿರೋಳು. ಇವಳೇ ಕೊಂದಿದ್ದು" ಎಂದು ನೀನು ಅಂದೆ. ಮುನಿಯಣ್ಣ ಚಿಕ್ಕಪ್ಪ ತಲೆ ತಗ್ಗಿಸಿ ಉಣ್ಣುತ್ತಲೇ ಇದ್ದರು. ವೆಂಕಟಮ್ಮ ಚಿಕ್ಕಮ್ಮ ಎದ್ದು ಬಂದು ನನ್ನ ಕೈಯಿಂದ ಪಲ್ಯದ ಪಾತ್ರೆ ತೆಗೆದುಕೊಂಡರು. ಅಷ್ಟು ಜನರಲ್ಲಿ ಒಬ್ಬರಾದರೂ "ಹಂಗನ್ನಬೇಡ ಸಿದ್ದ" ಅನ್ನಲಿಲ್ಲ. ಆವತ್ತಿನಿಂದ ನಾನು ಆ ಊರಿಗೆ ಕಾಲಿಟ್ಟಿಲ್ಲ. ನಿನ್ನ ಮಗಳ ನಾಮಕರಣಕ್ಕೂ ನನ್ನನ್ನು ಯಾರೂ ಕರೆಯಲಿಲ್ಲ.

ಈಗ ನಿನಗೆ ಗೊತ್ತಿಲ್ಲದ ವಿಷಯ. ಹೋದ ವರ್ಷ ನನಗೂ ಅದೇ ಬಂತು. ಅದೇ ಉರಿ, ಅದೇ ಮಾತ್ರೆ. ಒಂಟಿಯಾಗಿರುವವಳು, ನನ್ನ ಬಾಯಿ ತೆರೆಸಿ ನೋಡುವವರು ಯಾರೂ ಇರಲಿಲ್ಲ. ಆದರೂ ಕ್ಯಾಲೆಂಡರಿನಲ್ಲಿ ಗೀಟು ಹಾಕಿಕೊಂಡು ನುಂಗಿದೆ. ಎರಡು ಸಲವೂ ಔಷಧಿ ಸೋತಿತು. ಒಂದು ಸಂಜೆ ಆ ಕ್ಯಾಲೆಂಡರನ್ನು ಮುಂದೆ ಇಟ್ಟುಕೊಂಡು, ಅಮ್ಮನಿಗೆ ನಾನೇ ಏನಾದರೂ ತಪ್ಪು ಮಾಡಿದ್ದೆನೇ ಎಂದು ಕೂತುಬಿಟ್ಟೆ. ನಿನ್ನ ಮಾತನ್ನು ನಾನೂ ಅರ್ಧ ನಂಬಿದ್ದೆ ಎಂದು ಆವತ್ತು ಗೊತ್ತಾಯಿತು. ಅದಕ್ಕಾಗಿ ನಿನ್ನನ್ನು ಇನ್ನೂ ಹೆಚ್ಚು ದ್ವೇಷಿಸಿದೆ.

ಫ್ಯಾಕ್ಟರಿಯಲ್ಲಿ ನಮ್ಮ ಲೈನಿನ ಶಾಂಭವಿ ವೈಟ್‌ಫೀಲ್ಡ್ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲೊಬ್ಬ ಡಾಕ್ಟರು, ವಯಸ್ಸಾದ ಹೆಂಗಸು, ಕ್ಯಾಲೆಂಡರ್ ನೋಡಿ ಬೈಯಲಿಲ್ಲ. "ತಪ್ಪು ನಿಮ್ಮದಲ್ಲದೇ ಇರಬಹುದು" ಎಂದು ಹೇಳಿ, ತಾವು ನಡೆಸುತ್ತಿದ್ದ ಒಂದು ಅಧ್ಯಯನಕ್ಕೆ ಸೇರಿಸಿಕೊಂಡು ರಕ್ತ ತೆಗೆದು ಕಳಿಸಿದರು. ಮೂರು ವಾರಕ್ಕೆ ವರದಿ ಬಂತು. ಅವರು ಹೇಳಿದ್ದನ್ನು ಹೇಳಿದಂತೆ ಬರೆಯುತ್ತೇನೆ.

ಆಸಿಡ್ ತಗ್ಗಿಸುವ ಮಾತ್ರೆಯನ್ನು ಒಡೆದು ಹೊರಹಾಕುವುದು ಲಿವರಿನ ಕೆಲಸ. ಕೆಲವರ ಲಿವರ್ ನಿಧಾನ, ಕೆಲವರದ್ದು ಬಲು ಚುರುಕು. ಅದು ಹುಟ್ಟಿನಿಂದ ಬರುವ ಗುಣ, ತಾಯಿಯಿಂದ ಒಂದು ಪಾಲು, ತಂದೆಯಿಂದ ಒಂದು ಪಾಲು. ಚುರುಕಿನವರಲ್ಲಿ ಮಾತ್ರೆ ಬೇಗ ಕರಗಿಹೋಗುತ್ತದೆ, ಆಸಿಡ್ ಸಾಕಷ್ಟು ತಗ್ಗುವುದಿಲ್ಲ. ಆಸಿಡ್ ಇದ್ದ ಕಡೆ ಉಳಿದ ಎರಡು ಔಷಧಿಗಳಿಗೂ ಬಲ ಸಾಲದು. ನನಗೆ ಎರಡು ಪಾಲೂ ಚುರುಕಿನದೇ. ಡಾಕ್ಟರು ಆ ಮಾತ್ರೆ ಬದಲಿಸಿ, ಈ ಗುಣಕ್ಕೆ ಅಷ್ಟಾಗಿ ಸಿಕ್ಕದ ಬೇರೆಯದನ್ನು ಕೊಟ್ಟರು. ಮೂರನೆಯ ಸಲಕ್ಕೆ ವಾಸಿಯಾಯಿತು.

ಹಾಗಾದರೆ ಅಮ್ಮನಿಗೂ ಹೀಗೇ ಆಗಿತ್ತೇ ಎಂದು ಕೇಳಿದೆ. "ಅದನ್ನ ನಾನು ಈಗ ಹೇಳಕ್ಕಾಗಲ್ಲಮ್ಮ. ಅವರ ರಕ್ತ ನನ್ನ ಹತ್ರ ಇಲ್ಲ. ಒಂದು ಪಾಲು ಅವರಿಂದಲೇ ಬಂದಿದೆ, ಅಷ್ಟು ಖಂಡಿತ" ಅಂದರು. ಒಡಹುಟ್ಟಿದವರಿಗೂ ಇರಬಹುದು, ಅವರಿಗೆ ತಿಳಿಸಿ ಅಂದರು. ನನಗೆ ಒಡಹುಟ್ಟಿದವರು ಯಾರೂ ಇಲ್ಲ ಎಂದು ಹೇಳಿ ಬಂದೆ.

ಆಮೇಲೆ ಅತ್ತಿಗೆಯ ಫೋನ್ ಬಂತು. ಕಾಫಿ ಕುಡಿದ ಮೇಲೆ ಎರಡು ದಿನ ನಿದ್ದೆ ಬರಲಿಲ್ಲ.

ವರದಿಯ ಜೆರಾಕ್ಸ್ ಇದರ ಜೊತೆ ಇದೆ. ನಿನ್ನ ಡಾಕ್ಟರಿಗೆ ತೋರಿಸು. ತಂಗಿಯದು ಎಂದು ಹೇಳಲು ನಾಚಿಕೆಯಾದರೆ ಯಾರದ್ದೋ ಎನ್ನು. ಅವರು ಕೇಳದಿದ್ದರೆ ವೈಟ್‌ಫೀಲ್ಡಿನ ಡಾಕ್ಟರ ಹತ್ತಿರ ಹೋಗು, ವಿಳಾಸ ಅದರ ಹಿಂದೆ ಬರೆದಿದ್ದೇನೆ. ಮಲ ಕಪ್ಪಗಾದರೆ ಒಳಗೆ ರಕ್ತ ಸೋರುತ್ತಿದೆ ಎಂದೇ ಅರ್ಥ, ಡ್ಯೂಟಿ ಮುಗಿಯಲಿ ಎಂದು ಕಾಯಬೇಡ, ಆಗಲೇ ಆಸ್ಪತ್ರೆಗೆ ಹೋಗು. ಅಮ್ಮ ಕಾದಳು.

ವಾಸಿಯಾದ ಮೇಲೆ ಇಲ್ಲಿಗೆ ಬರಬೇಡ. ಬರುವುದಿದ್ದರೆ ಮೊದಲು ಮುನಿಯಣ್ಣ ಚಿಕ್ಕಪ್ಪನ ಮನೆಗೆ ಹೋಗಿ, ಆವತ್ತು ಉಂಡವರೆಲ್ಲರ ಮುಂದೆ, "ನಾನು ಹೇಳಿದ್ದು ಸುಳ್ಳು" ಎಂದು ಹೇಳಿ ಬಾ. ಅದು ನಿನ್ನಿಂದ ಆಗುವುದಿಲ್ಲ ಎಂದು ನನಗೆ ಗೊತ್ತು. ಸಾಯಬೇಡ, ಅಷ್ಟೇ. ನಿನ್ನ ಮಗಳಿಗೆ ಇನ್ನೂ ಎರಡು ವರ್ಷ.

ವೇಣಿ

ಬಿಟ್ಟ ಮಾತು: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಮ್ಮ ಹೋಗುವುದಕ್ಕೆ ಮೂರು ದಿನ ಮುಂಚೆ, "ಸಿದ್ದನ್ನ ಬರೇಳು, ಮಕ ನೋಡ್ಬೇಕು" ಅಂದಳು. ಹಿಂದಿನ ಭಾನುವಾರ ನೀನು ಬಂದು ನನ್ನನ್ನು ಬೈದು ಹೋಗಿದ್ದ ಸಿಟ್ಟು ಇನ್ನೂ ಇತ್ತು. ನಾನು ನಿನಗೆ ಫೋನ್ ಮಾಡಲೇ ಇಲ್ಲ. "ಮಾಡಿದೆ, ಅವನಿಗೆ ಪುರುಸೊತ್ತಿಲ್ಲವಂತೆ" ಎಂದು ಅಮ್ಮನಿಗೆ ಹೇಳಿದೆ. ಮರುದಿನ ಮತ್ತೆ ಕೇಳಿದಳು, ಮತ್ತೆ ಅದನ್ನೇ ಹೇಳಿದೆ. ಆಮೇಲೆ ಅವಳು ಕೇಳಲಿಲ್ಲ.