ನೀರು ಉಳಿಸಿದ ತಪ್ಪಿಗೆ

ನೀರು ಹಂಚಿಕೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನೀರು ಉಳಿಸಿದ ತಪ್ಪಿಗೆ ನನ್ನ ಅಕ್ಕನ ಲಾಂಡ್ರಿಗೆ ನೀವು ಶಿಕ್ಷೆ ವಿಧಿಸಿದ್ದೀರಿ. ನಿಮ್ಮ ಆದೇಶದಂತೆ ಪ್ರತಿ ಉದ್ಯಮಕ್ಕೂ ಹೋದ ವರ್ಷ ಬಳಸಿದ್ದರಲ್ಲಿ ಅರ್ಧ ನೀರು. ಎಲ್ಲರಿಗೂ ಒಂದೇ ಕಡಿತ. ಕೇಳಲು ಎಷ್ಟು ನ್ಯಾಯ!

ಹತ್ತೊಂಬತ್ತು ವರ್ಷಗಳ ಹಿಂದೆ ಇದೇ ಕಚೇರಿ ‘ಒಂದೇ ನೀರನ್ನು ಮೂರು ಸಲ ಬಳಸಿ’ ಎಂದು ಕರಪತ್ರ ಹಂಚಿತ್ತು. ನೀವು ಮರೆತಿರಬಹುದು, ನನ್ನ ಬಳಿ ಆ ಹಾಳೆ ಇನ್ನೂ ಇದೆ. ಅದನ್ನು ನಂಬಿ ಅಕ್ಕ ಮೂರು ತೊಟ್ಟಿ ಕಟ್ಟಿಸಿದಳು. ಶುದ್ಧ ನೀರು ಬೀಳುವುದು ಬಟ್ಟೆಯನ್ನು ಕೊನೆಯ ಸಲ ಜಾಲಿಸುವ ತೊಟ್ಟಿಗೆ. ಅಲ್ಲಿಂದ ನಡುವಿನದಕ್ಕೆ, ಆಮೇಲೆ ಸೋಪು ಬಿಡಿಸುವ ಮೊದಲನೆಯದಕ್ಕೆ. ನಾವೂ ಮೂವರು ಅಕ್ಕತಂಗಿಯರಾದ್ದರಿಂದ ಅವುಗಳಿಗೆ ಕಿರಿಯವಳು, ನಡುವಿನವಳು, ಹಿರಿಯವಳು ಎಂದೇ ಹೆಸರು. “ಹಿರಿಯವಳ ಹಣೆಬರಹ ನೋಡೇ, ತಂಗಿಯರು ಬಿಟ್ಟಿದ್ದೇ ಗತಿ” ಎಂದು ಅಕ್ಕ ನಗುತ್ತಿದ್ದಳು.

ಅಂಥ ಅಂಗಡಿಯ ಬಳಕೆಯಲ್ಲಿ ಅರ್ಧ ಕಡಿದರೆ ಉಳಿಯುವುದೇನು? ಅಷ್ಟೇ ಬಟ್ಟೆಗೆ ಮೂರು ಪಟ್ಟು ನೀರು ಸುರಿಯುತ್ತಿದ್ದ ಪಕ್ಕದ ಬೀದಿಯ ಲಾಂಡ್ರಿಗೆ ಕಡಿತದ ನಂತರವೂ ಧಾರಾಳ. ಅಕ್ಕನಿಗೆ ಬರುತ್ತಿದ್ದ ಆಸ್ಪತ್ರೆಯ ಹಾಸು ಹೊದಿಕೆಗಳೆಲ್ಲ ಅಲ್ಲಿಗೆ ಹೋದವು. ಅಕ್ಕನಲ್ಲಿ ಹನ್ನೊಂದು ವರ್ಷ ಇಸ್ತ್ರಿ ಮಾಡಿದ ಹೆಂಗಸು ತನ್ನ ಸ್ಟೂಲಿನ ಮೆತ್ತೆಯನ್ನು ಚೀಲಕ್ಕೆ ತುರುಕಿಕೊಂಡು ಹೊರಟಳು.

ನಿಮ್ಮ ಕೌಂಟರಿಗೂ ಹೋಗಿದ್ದೆವು. “ಹೋದ ವರ್ಷ ಜಾಸ್ತಿ ಬಳಸ್ಬೇಕಿತ್ತಮ್ಮಾ. ಉಳಿಸಿ ಅಂತ ಯಾರು ಹೇಳಿದ್ರು?” ಎಂದರು ಗುಮಾಸ್ತರು.

“ನಿಮ್ಮ ಬೆನ್ನ ಹಿಂದಿನ ಗೋಡೆ ಹೇಳ್ತಾ ಇದೆಯಲ್ಲಣ್ಣಾ” ಎಂದಳು ಅಕ್ಕ. ಅದೇ ಕರಪತ್ರ, ದೊಡ್ಡದಾಗಿ, ಚೌಕಟ್ಟಿನಲ್ಲಿ. ಅವರು ತಿರುಗಿಯೂ ನೋಡಲಿಲ್ಲ.

ಹೋದ ಮಂಗಳವಾರ ಮಧ್ಯಾಹ್ನ ಅಂಗಡಿಗೆ ಹೋದೆ. ಮೂರೂ ತೊಟ್ಟಿ ಒಣಗಿದ್ದವು. ಅಕ್ಕ ನಲ್ಲಿಗೆ ಪೈಪು ಸಿಕ್ಕಿಸಿ, ಶುದ್ಧ ನೀರನ್ನು ನೇರ ಮೋರಿಗೆ ಬಿಟ್ಟು, ಅದಕ್ಕೆ ಬೆನ್ನು ಮಾಡಿ ಕೂತಿದ್ದಳು.

“ಏನಕ್ಕಾ ಇದು!”

“ಕೆಲಸ ಇಲ್ಲ ಅಂತ ಬಳಸದೆ ಬಿಟ್ರೆ, ಮುಂದಿನ ವರ್ಷ ಅದನ್ನೇ ನೋಡಿ ಇನ್ನೂ ಕಡಿತಾರೆ ಕಣೇ. ಮೀಟರ್ ಓಡ್ಲಿ ಬಿಡು. ನೋಡಕ್ಕಾಗಲ್ಲ, ಅದಕ್ಕೇ ಈ ಕಡೆ ಕೂತೆ.”

ನೀರಿನ ಅಭಾವ ನೀಗಿಸುವ ನೀತಿ ಎಂದರೆ ಇದೇ ಏನು, ಮಾನ್ಯರೇ? ಎಷ್ಟು ಸುರಿದರು ಎಂದಲ್ಲ, ಎಷ್ಟು ನೀರಿಗೆ ಎಷ್ಟು ಬಟ್ಟೆ ಒಗೆದರು ಎಂದು ಅಳೆದು ಹಂಚಿ. ಹೊಸ ಆದೇಶದೊಂದಿಗೆ ತಾವೇ ಬಂದು ಆ ನಲ್ಲಿ ನಿಲ್ಲಿಸಿ. ನಾನು ಕೈಹಾಕಿದೆ, ಆಗಲಿಲ್ಲ; ಅದನ್ನು ಮುಚ್ಚಿದರೆ ಅಕ್ಕನ ಮುಂದಿನ ವರ್ಷವನ್ನೇ ಮುಚ್ಚಿದಂತೆ.

ಇಂತಿ,
ಮೂವರಲ್ಲಿ ಸದಾ ಶುದ್ಧ ನೀರೇ ಪಡೆದ
ಕಿರಿಯವಳು