ಮತ್ತಿಗುಡ್ಡದ ನೀರುಬಣ್ಣ

ಹೊಸೂರು
14-11-2024

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ನಿನ್ನ ಕಾಲುನೋವು ತಗ್ಗಿದೆ, ಕೋಲು ಹಿಡಿದು ಬಾಗಿಲವರೆಗೂ ನಡೆಯುತ್ತೀಯ ಎಂದು ನೀನಿರುವ ಕೃಷ್ಣಗಿರಿಯ ಮನೆಯಿಂದ ರುಕ್ಮಿಣಮ್ಮತ್ತೆ ಹೇಳಿದರು. ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ಊರಿನಲ್ಲಿ ಆನೆಗಳು ಗೋವಿಂದಮ್ಮಜ್ಜಿಯ ರಾಗಿ ಹೊಲವನ್ನು ಮತ್ತೆ ತುಳಿದವು. ಮತ್ತಿಗುಡ್ಡದ ಮರಗಳನ್ನೆಲ್ಲ ಕಡಿದು ಕಲ್ಲು ತೆಗೆದ ಮೇಲೆ ಅವು ಇನ್ನೆಲ್ಲಿಗೆ ಹೋಗಬೇಕು? ಈಗ ಕ್ವಾರಿಯವರು ಉಳಿದ ಅರ್ಧ ಗುಡ್ಡವನ್ನೂ ಕೇಳುತ್ತಿದ್ದಾರೆ. ಅಲ್ಲಿ ಎಂದೂ ಕಾಡಿರಲಿಲ್ಲ, ಬರೀ ಬಂಡೆ ಎಂದು ಬರೆದುಕೊಟ್ಟಿದ್ದಾರೆ. ಸೋಮವಾರ ಅಧಿಕಾರಿಗಳ ಮುಂದೆ ವಿಚಾರಣೆ.

ಕಾಡಿತ್ತು ಎಂದು ತೋರಿಸಲು ನಮ್ಮ ಬಳಿ ಇದ್ದದ್ದು ನಿನ್ನ ಚಿತ್ರವೊಂದೇ. ಲಾರಿ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಪೇಂಟರ್ ಶ್ಯಾಮಣ್ಣ ಎಂದರೆ ನೀನು ಲಾರಿಗೆ ಬರೆದ ನವಿಲು, ಕಮಲ, ಡ್ರೈವರ್ ಬಾಗಿಲ ಮೇಲಿನ ಬಳ್ಳಿ. ಮದುವೆಗೂ ಮುಂಚೆ ಬಂಡೆಯ ಮೇಲೆ ಕೂತು ನೀನು ಬರೆದ ನೀರುಬಣ್ಣದ ಕಾಡನ್ನು ಕಂಡವರು ಯಾರಿದ್ದಾರೆ? ಮತ್ತಿಮರಗಳ ನಡುವೆ ಬಂಡೆಯ ದೊಣೆಯಲ್ಲಿ ನಿಂತ ನೀರು, ನೀರಿನ ಮೇಲೆ ಬಿಸಿಲು. ಆ ಬಿಸಿಲಿಗೆ ಬಣ್ಣವನ್ನೇ ಹಚ್ಚದೆ ಕಾಗದವನ್ನು ಬಿಳಿಯಾಗೇ ಬಿಟ್ಟಿದ್ದೆ. ಹಿಂಬದಿಯಲ್ಲಿ ಜಾಗದ ಹೆಸರು, ತಾರೀಕು. ಫೋನಿನಲ್ಲಿ ತೆಗೆದ ಫೋಟೊ ಸಾಲದು, ಮೂಲಚಿತ್ರವೇ ಬೇಕು ಎಂದರು ವಕೀಲರು.

ಅಪ್ಪ, ಅದು ಹೋಯಿತು. ಚೌಕಟ್ಟು ಹಾಕಿಸಲೆಂದು ನಮ್ಮ ಪೇಂಟಿಂಗ್ ಶೆಡ್ಡಿನಲ್ಲಿಟ್ಟಿದ್ದೆ. ನಿನ್ನ ಕೈಕೆಳಗೆ ಕೆಲಸ ಮಾಡುವ ವೆಂಕಿ, ಲಾರಿಗೆ ಹೊಡೆಯುವ ವಾರ್ನಿಶ್ಶನ್ನು ಅದರ ಮೇಲೆ ಎಳೆದಿದ್ದಾನೆ. ಬಜ್ಜಿ ಕಟ್ಟಿದ ಕಾಗದದಂತೆ ಎಣ್ಣೆ ಕುಡಿದು ಕಂದುಬಣ್ಣಕ್ಕೆ ತಿರುಗಿದೆ. ಮರ ಯಾವುದು, ನೀರು ಯಾವುದು, ಒಂದೂ ತಿಳಿಯುವುದಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ, "ಅಣ್ಣನ ಕೈಕೆಲ್ಸ ವಾರ್ನಿಶ್ ಇಲ್ದೆ ಯಾವತ್ತು ಶೆಡ್ ದಾಟೈತೆ, ಹೇಳಮ್ಮ" ಎಂದ. ಎಲ್ಲರೆದುರು ಬೈದೆ. ಕ್ವಾರಿಯವರ ಕಾಸು ತಿಂದವನು ಎಂದೆ.

ಗುಡ್ಡ ಉಳಿಸಿ ಎಂದು ನಾನು ಕರಪತ್ರ ಹಂಚುವಾಗ "ನಿನ್ ಕರಪತ್ರ ರಾಗಿ ಬೆಳೀತದೇನಮ್ಮ" ಎಂದು ನೀನು ನಗುತ್ತಿದ್ದೆ. ಬೆಳೆಯುವುದಿಲ್ಲ. ಆದರೆ ಗುಡ್ಡ ಉಳಿಯದೆ ರಾಗಿಯೂ ಉಳಿಯುವುದಿಲ್ಲ. ಕಾಡು ಅದರಲ್ಲಿ ಬದುಕುವವರದ್ದು, ಕಡಿದು ಮಾರುವವರದ್ದಲ್ಲ. ಇದನ್ನು ನಾನು ಕರಪತ್ರದಲ್ಲಿ ಓದುವ ಮೊದಲೇ ನಿನ್ನ ಚಿತ್ರ ನೋಡಿ ಕಲಿತವಳು. ಚಿತ್ರ ಹೋದರೆ ಹೋಗಲಿ, ಬರೆದವನಿದ್ದಾನೆ. ನೀನೇ ಬಂದು ಸಾಕ್ಷಿ ಹೇಳು. ನಡೆಯಲಾಗದಿದ್ದರೆ ಕುರ್ಚಿಯಲ್ಲಿ ಕೂರಿಸಿಕೊಂಡಾದರೂ ಕರೆದೊಯ್ಯುತ್ತೇವೆ.

ಅತ್ತೆಗೆ ನನ್ನ ನಮಸ್ಕಾರ ತಿಳಿಸು. ನನ್ನ ತಲೆಯ ಮೇಲೆ ನಿನ್ನ ಕೈಯಿರಲಿ.

ನಿನ್ನ ಮಗಳು,
ಸಿಂಧು

ತಾ.ಕ.: ಲಕೋಟೆ ಅಂಟಿಸುವ ಮೊದಲು ವೆಂಕಿ ಮನೆಗೆ ಬಂದ. ಒಳಗೆ ಕರೆದರೂ ಬರಲಿಲ್ಲ. "ಕಾಸು ತಿಂದೋನು ಅನ್ನುಸ್ಕೊಂಡು ಇರಾಕಾಗಲ್ಲ ಕಣಮ್ಮ. ಶ್ಯಾಮಣ್ಣನೇ ಫೋನ್ ಮಾಡಿ, ಆ ಚಿತ್ರಕ್ಕೂ ಒಂದ್ ಕೈ ವಾರ್ನಿಶ್ ಹೊಡ್ದಿಡು ಅಂದ್ರು" ಎಂದ. ಕ್ವಾರಿಯ ಟಿಪ್ಪರುಗಳೆಲ್ಲ ಬಣ್ಣಕ್ಕೆ ನಮ್ಮ ಶೆಡ್ಡಿಗೇ ಬರುತ್ತವೆ ಎಂದೂ ಅವನೇ ಹೇಳಿದ. ನೀರುಬಣ್ಣದ ಮೇಲೆ ವಾರ್ನಿಶ್ ಬಿದ್ದರೆ ಏನಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ಸೋಮವಾರ ನೀನು ಬರುವುದು ಬೇಡ. ಕೆಟ್ಟ ಆ ಕಾಗದವನ್ನೇ ಒಯ್ಯುತ್ತೇನೆ. ಯಾರು ಕೆಡಿಸಿದರೆಂದು ಕೇಳಿದರೆ ನಿನ್ನ ಹೆಸರು ಹೇಳುತ್ತೇನೆ.