ಮಧ್ಯಾಹ್ನದ ಬಿಸಿಲಿಗೆ ಒಂದು ಮೆಟ್ಟಿಲು ಕಡಿಮೆ

ಕಾಕಾ,

ನಿನ್ನ ಕಂಪ್ಯೂಟರ್ ಸುಟ್ಟಿಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಇಲ್ಲವಾದರೆ ಈ ಪತ್ರ ಮುಗಿಯುವ ತನಕ ನೀನು ಹಲ್ಲು ಕಚ್ಚಿಕೊಂಡೇ ಕೂತಿರುತ್ತೀ.

ದೀಪಾವಳಿ ರಜೆಯಲ್ಲಿ ಶಹಾಪುರದ ನಿನ್ನ ಟೈಪಿಂಗ್ ಅಂಗಡಿಗೆ ಬಂದಿದ್ದೆನಲ್ಲ, ನೆನಪಿದೆಯಾ? ಲಗ್ನಪತ್ರಿಕೆಯ ಗಣಪತಿ ಸ್ಕ್ರೀನಿನ ಮೇಲೆ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಮೂಡುತ್ತಿದ್ದ. ಕಿರೀಟ ಬಂತು, ಸೊಂಡಿಲು ಬಂತು, ಹೊಟ್ಟೆ ಬರುವಷ್ಟರಲ್ಲಿ ಗಿರಾಕಿ ಎದ್ದು ಹೋದ. ಅಣ್ಣನ ಮಗಳಾದರೂ ನನ್ನನ್ನು ತಂಗೀ ಎಂದೇ ಕರೆಯುವ ನೀನು ನಕ್ಕುಬಿಟ್ಟೆ. "ತಂಗೀ, ಹೊಸಾದು ತರೂದು ಈಗ ಆಗಂಗಿಲ್ಲ. ಇದನ್ನs ಒಂಚೂರು ಜೋರ್ ಓಡಸೂಣು. ಪರೀಕ್ಷಾ ಮುಗಿಸ್ಕೊಂಡು ಬಾ, ಇಬ್ರೂ ಕೂಡಿ ಮಾಡೂಣು" ಅಂದೆ. ಪರೀಕ್ಷೆ ಮುಗಿಯಿತು. ನಾನು ಬಂದೆ. ನೀನು...

ಅಂಗಡಿಯ ಬಾಗಿಲು ಈಗ ಕಾಕಿ ತೆಗೆಯುತ್ತಾಳೆ. ಅರ್ಜಿ, ಲಗ್ನಪತ್ರಿಕೆ ಎಲ್ಲ ಅವಳೇ ಟೈಪ್ ಮಾಡುತ್ತಾಳೆ, ಎರಡು ಬೆರಳಲ್ಲಿ. ಮನೆ ನಡೆಯುವುದೇ ಈ ಮಷೀನಿನ ಮೇಲೆ. ಇದರ ಪ್ರೊಸೆಸರಿನ ವೇಗವನ್ನು ಕಂಪನಿ ಇಟ್ಟ ಮಿತಿಗಿಂತ ಏರಿಸುತ್ತೇನೆ, ಬಿಸಿಯೂ ಏರುತ್ತದೆ ಎಂದಾಗ ಅವಳ ಮುಖ ನೋಡಬೇಕಿತ್ತು.

"ಸುಟ್ಟರ ನಾ ಏನ್ ಮಾಡ್ಲಿ?"

"ಕಾಕಾನೇ ಹೇಳಿದ್ದ, ಕಾಕಿ."

"ಹೇಳಿದವರು ಎಲ್ಲಿ ಅದಾರ?"

ಆಮೇಲೆ ಅವಳೇ ಅಂದಳು, "ಎದುರಿನ ಅಂಗಡಿಯಾವ ಹೊಸಾದು ತಂದಾನ. ಮಂದಿ ಎಲ್ಲಾ ಅಲ್ಲಿಗೇ ಹೊಂಟದ. ಮಾಡು. ಆದ್ರ ನನ್ನ ಎದುರಿಗೇ ಮಾಡು."

ನಾನು ಸಣ್ಣವಳಿದ್ದಾಗ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಕಾಲುವೆಗೆ ನೀರು ಬಿಡುವುದನ್ನು ತೋರಿಸಲು ನೀನು ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿದ್ದೆ. ಗೇಟು ಪೂರ್ತಿ ಎತ್ತಬಾರದೇಕೆ ಎಂದು ನಾನು ಹಟ ಹಿಡಿದಿದ್ದೆ. "ಒಮ್ಮಿಗೇ ಬಿಟ್ರ ದಂಡಿ ಒಡೀತದ, ಹುಚ್ಚಿ. ಒಂದೀಟು ಎತ್ತಬೇಕು, ನಿಲ್ಲಬೇಕು, ದಂಡಿ ಗುಂಟ ನಡದು ನೋಡಬೇಕು" ಅಂದಿದ್ದೆ. ಈ ಮಷೀನಿಗೂ ಹಾಗೇ ಮಾಡಿದೆ. ಒಂದಿಷ್ಟು ಏರಿಸುವುದು, ಟೆಸ್ಟ್ ಓಡಿಸುವುದು, ಬಿಸಿ ನೋಡುವುದು, ಮತ್ತೆ ಒಂದಿಷ್ಟು.

ಆದರೂ ಸ್ಕ್ರೀನ್ ಕಪ್ಪಾಯಿತು. ಕಾಕಿ ಸೆರಗು ಬಾಯಿಗೆ ಒತ್ತಿಕೊಂಡು, "ಸತ್ತಿತೇನು?" ಅಂದಳು. ಈ ಹಳೆಯ ಬೋರ್ಡಿನಲ್ಲಿ ಪ್ರೊಸೆಸರ್ ಏರಿಸಿದರೆ ಮೆಮೊರಿಯೂ ಅದರ ಜೊತೆಗೇ ಏರುತ್ತದೆ, ಅದಕ್ಕೆ ಅಷ್ಟು ವೇಗ ತಡೆಯದು ಎಂಬುದನ್ನು ಉತ್ಸಾಹದಲ್ಲಿ ಮರೆತಿದ್ದೆ. ಬೋರ್ಡಿನ ಮೇಲಿನ ಗುಂಡನೆಯ ಬ್ಯಾಟರಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿದೆ. ಮಾಡಿದ್ದೆಲ್ಲ ಮರೆತು ಮಷೀನು ಮತ್ತೆ ಎದ್ದಿತು! ಈ ಸಲ ಮೆಮೊರಿಯನ್ನು ಒಂದು ಹಂತ ಕೆಳಗಿಟ್ಟು ಪ್ರೊಸೆಸರ್ ಏರಿಸಿದೆ. ಮುಂಜಾನೆಯೆಲ್ಲ ಒಂದು ತಪ್ಪೂ ಇಲ್ಲದೆ ಟೆಸ್ಟ್ ಓಡಿತು.

ಊಟ ಮಾಡಿ ಬರುವಷ್ಟರಲ್ಲಿ ಮಷೀನು ಆಫ್. ನೋಡಿದರೆ ಅದರ ಮೇಲೆ ಕಾಕಿ ಹೆಣೆದ ಆ ಗಿಳಿಗಳ ಹೊದಿಕೆ, ಗಾಳಿ ಹೋಗುವ ತೂತುಗಳೆಲ್ಲ ಮುಚ್ಚುವ ಹಾಗೆ!

"ಕಾಕೀ! ಯಾರ್ ಹೊಚ್ಚ್ಯಾರ ಇದನ್ನ?"

"ನಾನs. ಧೂಳ ಬೀಳ್ತದಂತ. ಪಾಪ, ಮುಂಜಾನಿಂದ ದುಡದು ದಣದದ."

ನೀನು ಹೋದ ಮೇಲೆ ನಾವಿಬ್ಬರೂ ನಕ್ಕಿದ್ದು ಅವತ್ತೇ ಮೊದಲು. ಆದರೆ ಹೊದಿಕೆ ತೆಗೆದು ಓಡಿಸಿದರೂ ಬಿಸಿಲು ಏರಿದಾಗ ಮತ್ತೆ ಆಫ್ ಆಯಿತು. ನಾನು ನೋಡಿದ ವಿಡಿಯೋಗಳಲ್ಲಿ ಎಲ್ಲರೂ ಎಸಿ ರೂಮಿನಲ್ಲಿ ಕೂತಿರುತ್ತಾರೆ. ನಮ್ಮ ತಗಡಿನ ಮಾಡು ಅವರಿಗೇನು ಗೊತ್ತು? ಮುಂಜಾನೆ ಗೆದ್ದ ವೇಗದ ನಂಬರನ್ನು ಬಿಟ್ಟುಕೊಡಲು ಮನಸ್ಸೇ ಬರಲಿಲ್ಲ. ಕಾಲೇಜಿನಲ್ಲೂ ನಾನು ಹೀಗೇ, ಕಾಕಾ. ಇಂಗ್ಲಿಷಿನಲ್ಲಿ ಪಟಪಟ ಮಾತಾಡುವವರ ಪಕ್ಕ ಕೂತು, ಅವರಷ್ಟೇ ಜೋರಾಗಿ ಓಡಬೇಕು ಎಂದು ಒಳಗೊಳಗೇ ಬಿಸಿಯಾಗುತ್ತಿರುತ್ತೇನೆ, ಬಾಯಿ ತೆರೆದರೆ ಅರ್ಧಕ್ಕೇ ನಿಂತುಬಿಡುತ್ತೇನೆ. ಆದರೆ ಅಂಗಡಿ ಮಧ್ಯಾಹ್ನವೂ ತೆರೆದಿರುತ್ತದಲ್ಲ? ವೇಗವನ್ನು ಒಂದು ಮೆಟ್ಟಿಲು ಇಳಿಸಿದೆ. ಸಂಜೆಯವರೆಗೆ ನಿಲ್ಲದೆ ಓಡಿತು.

ನಿನ್ನೆ ಸುರಪುರದವರೊಬ್ಬರು ಲಗ್ನಪತ್ರಿಕೆಗೆ ಬಂದಿದ್ದರು. ಕಾಕಿ ಮೌಸ್ ಒತ್ತಿದಳು. ಗಣಪತಿ ಕಿರೀಟ, ಹೊಟ್ಟೆ, ಇಲಿ ಸಮೇತ ಒಮ್ಮೆಲೇ ಬಂದು ಕೂತ. "ಕೂಡ್ರಿ ಅಣ್ಣಾರ, ಎದ್ದು ಹೋಗುವಷ್ಟು ಹೊತ್ತೇನ್ ಹಿಡ್ಯಂಗಿಲ್ಲ" ಅಂದಳು. ಗಿಳಿಗಳ ಹೊದಿಕೆ ಈಗ ನಿನ್ನ ಫೋಟೋದ ಕೆಳಗೆ ಹಾಸಿದ್ದಾಳೆ.

ನಾಳೆ ಹಾಸ್ಟೆಲಿಗೆ ಹೊರಡುತ್ತೇನೆ. ಮಳೆ ಬಿದ್ದು ತಂಪಾದ ಮೇಲೆ ಆ ಒಂದು ಮೆಟ್ಟಿಲು ಏರಿಸಲು ಬರುತ್ತೇನೆ ಎಂದೆ. ಕಾಕಿ ಸ್ಟೂಲು ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು.

"ಅದಕ್ಕ ನೀ ಯಾಕ ಬರ್ತಿ? ಹೆಂಗಂತ ತೋರಿಸಿ ಹೋಗು. ನಾ ಏರಸ್ತೀನಿ."

ತೋರಿಸಿದ್ದೇನೆ, ಕಾಕಾ.

ನಿನ್ನ ತಂಗಿ